ಸೇತುವೆ ಎದ್ದಿದ್ದಾಗ ಕಟ್ಟಿದ ಮುಂಗಡ

ಜನೀನ್ ಎಸ್ಕ್ರೀಟ್ ಒಂದು ಶುಕ್ರವಾರ ಬಾಯಿ ತೆರೆದು "ಕೊಡಲ್ಲ" ಅಂದದ್ದಕ್ಕೆ ಹಲ್ ಊರಿನ ಹೊಳೆ ಹೆದರಿಕೊಂಡು, ಸಮುದ್ರಕ್ಕೆ ಹರಿಯುವುದನ್ನೇ ಬಿಟ್ಟು, ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಕ್ಕೆ ಹರಿಯಿತು. ಹೊಳೆಯ ಮೇಲಿನ ಕಬ್ಬಿಣದ ಸೇತುವೆ ಕೈ ಎತ್ತಿ ಶರಣು ಅಂದಿತು. ಕಲ್ಲುಜಲ್ಲಿ ತುಂಬಿದ ಹಡಗೊಂದು ಅವಳಿಗೆ ಸಲಾಮು ಹೊಡೆದು, ಬಾಲ ಮುದುರಿಕೊಂಡು ಹೊರಟುಹೋಯಿತು. ಎರಡೂ ದಡದಲ್ಲಿ ಅರ್ಧ ಊರೇ ನಿಂತು ನೋಡಿದೆ. ನಂಬದವರು ಹೋಗಿ ಕೇಳಬಹುದು.

ಇಷ್ಟಕ್ಕೂ ಅವಳು ಕೊಡಲ್ಲ ಅಂದದ್ದು ಮನೆಯ ಮುಂಗಡ ಹಣವನ್ನು.

ಜನೀನ್ ಕ್ಯಾರವಾನ್ ಕಾರ್ಖಾನೆಯಲ್ಲಿ, ರಜೆಗೆ ಹೋದವರು ಮಲಗುವ ಗಾಲಿಮನೆಗಳಿಗೆ, ಪರದೆ ಹೊಲಿಯುವವಳು. ಇಂಗ್ಲೆಂಡಿನ ಯಾವ ಕಡಲತೀರಕ್ಕೆ ಹೋದರೂ ಅವಳು ಹೊಲಿದ ಪರದೆಯ ಹಿಂದೆ ಯಾರೋ ಒಬ್ಬರು ಗೊರಕೆ ಹೊಡೆಯುತ್ತಿರುತ್ತಾರೆ. ಅವಳಿಗೆ ಮಾತ್ರ ಸ್ವಂತದ್ದು ಅನ್ನುವ ಒಂದು ಕಿಟಕಿಯೂ ಇರಲಿಲ್ಲ. ಮದುವೆಯಾದಂದಿನಿಂದ ಅವಳು ಮತ್ತು ಗಂಡ ಕ್ಲೈವ್ ಇದ್ದದ್ದು ಕ್ಲೈವನ ತಾಯಿ ಥೆಲ್ಮಾಳ ಮನೆಯ ಹಿಂದಿನ ಕೋಣೆಯಲ್ಲಿ. ಆ ಕೋಣೆ ಎಷ್ಟು ಚಿಕ್ಕದೆಂದರೆ ಒಬ್ಬರು ಮಗ್ಗುಲು ಬದಲಿಸಬೇಕಾದರೆ ಇನ್ನೊಬ್ಬರು ಎದ್ದು ಮೆಟ್ಟಿಲ ಮೇಲೆ ಹೋಗಿ ಕೂರಬೇಕು. ಸ್ವಲ್ಪ ಜೋರಾಗಿ ನಕ್ಕರೂ ಕೆಳಗಿನಿಂದ ಥೆಲ್ಮಾ ಪೊರಕೆಯ ಹಿಡಿಯಲ್ಲಿ ಸೂರಿಗೆ ಕುಟ್ಟುತ್ತಿದ್ದಳು.

ಕ್ಲೈವನ ಬಗ್ಗೆಯೂ ಎರಡು ಮಾತು ಹೇಳಬೇಕು. ಬಸ್ಸು ಓಡಿಸುವ ಕ್ಲೈವ್ ಎಂದರೆ ಪೂರ್ವ ಹಲ್‌ನಲ್ಲಿ ಸಿಂಹದಂಥ ಗಂಡಸು. ಅಗಲವಾದ ಎದೆ, ಅದಕ್ಕಿಂತ ಅಗಲವಾದ ಧೈರ್ಯ. ಅವನು ಹಾರ್ನ್ ಬಾರಿಸಿದರೆ ಸಿಗ್ನಲ್ ದೀಪ ತಾನಾಗಿ ಹಸಿರಾಗುತ್ತಿತ್ತು ಎಂದು ಬಲ್ಲವರು ಹೇಳುತ್ತಾರೆ.

ಈ ಇಬ್ಬರು ವರ್ಷಗಟ್ಟಲೆ ಹೊಟ್ಟೆ ಬಾಯಿ ಕಟ್ಟಿ ಮುಂಗಡಕ್ಕಾಗುವಷ್ಟು ಕೂಡಿಸಿ ಒಂದು ಮನೆ ನೋಡಿದರು. ಸಾಲುಮನೆಗಳ ಕೊನೆಯದು. ಹಿಂದೆ ಓಣಿ, ಅಂಗಳದಲ್ಲಿ ಪಾರಿವಾಳದ ಗೂಡು, ಅಡುಗೆಮನೆಗೆ ಬಿಸಿಲು. ಮಾರುತ್ತಿದ್ದ ಮುದುಕ ಮಿಸ್ಟರ್ ಸ್ಟೇದರ್ಸ್ ಪಾರಿವಾಳಗಳನ್ನು ಯಾರಿಗೋ ಕೊಟ್ಟು, ಗೂಡನ್ನು ಹಾಗೇ ಬಿಟ್ಟು ಹೋಗುವವನಿದ್ದ. ಜನೀನ್ ಅಡುಗೆಮನೆಯ ಕಿಟಕಿಯ ಮುಂದೆ ನಿಂತವಳು ಅಲ್ಲಿಂದ ಕದಲಲೇ ಇಲ್ಲ. ಸಂಜೆ ಮನೆಗೆ ಬಂದವಳೇ ಆ ಕಿಟಕಿಗೆ ಹಳದಿ ಪರದೆ ಹೊಲಿದಿಟ್ಟಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ!" ಎಂದಳು ಥೆಲ್ಮಾ.

"ಕುಲಾವಿ ನನ್ನದು, ದಾರ ನನ್ನದು, ನಿಮಗೇನು ನೋವು?" ಎಂದಳು ಜನೀನ್.

ಮನೆ ಕೊಳ್ಳುವುದು ಅವರಿಬ್ಬರಿಗೂ ಹೊಸದು. ವಕೀಲರಿಲ್ಲದೆ ಇಲ್ಲಿ ಮನೆ ಕೈ ಬದಲಾಗುವುದಿಲ್ಲ. ಹೊಳೆಯ ಆಚೆ ದಡದಲ್ಲಿ, ಹಳೇ ಪೇಟೆಯಲ್ಲಿ, ಮಿಸೆಸ್ ಬ್ಲೆಂಕಿನ್ ಎಂಬ ವಕೀಲೆಯ ಕಚೇರಿ. ಅಲ್ಲಿ ಕಾಲಿಡುತ್ತಲೇ ಜನೀನಳ ಮುಖ ಹುಳ್ಳಗಾಯಿತು. ಗೂಟದ ಮೇಲೆ ಕಪ್ಪು-ಬಿಳಿ ಪಟ್ಟೆಯ ಶಾಲು ನೇತಾಡುತ್ತಿತ್ತು. ಹೊಳೆಯ ಪೂರ್ವದವರು ರಗ್ಬಿಯಲ್ಲಿ ಕೆಂಪು-ಬಿಳಿ ತಂಡಕ್ಕೆ, ಪಶ್ಚಿಮದವರು ಕಪ್ಪು-ಬಿಳಿಗೆ. ಇದರಲ್ಲಿ ಧರ್ಮ ಬದಲಿಸಿದವರನ್ನು ಈ ಊರು ಕಂಡಿಲ್ಲ.

"ಶಾಲು ನೋಡಿ ಓಡಿಹೋಗಬೇಡಿ, ಕೂತ್ಕೊಳ್ಳಿ," ಎಂದಳು ಮಿಸೆಸ್ ಬ್ಲೆಂಕಿನ್. ಅವಳ ದನಿ ಚರ್ಚಿನ ಗಂಟೆಯಂಥದು. ಮಾತಾಡಿದರೆ ಕಿಟಕಿಯ ಗಾಜು ಗುಂಯ್ ಅನ್ನುತ್ತಿತ್ತು. "ಡಿಪಾಸಿಟ್, ಅಂದ್ರೆ ಮುಂಗಡದ ವಿಷಯ ಮೊದಲು ಕೇಳಿ. ಅದನ್ನ ಕಟ್ಟೋದು ಎಲ್ಲಾದಕ್ಕಿಂತ ಕೊನೇಲಿ. ಬ್ಯಾಂಕಿನ ಸಾಲ ಮಂಜೂರಾಗಬೇಕು, ಮನೆ ಮೇಲಿನ ತನಿಖೆ ಮುಗೀಬೇಕು, ನೀವು ಸಹಿ ಹಾಕಿರಬೇಕು. ಎರಡೂ ಕಡೆ ವಕೀಲರು ಫೋನಲ್ಲಿ ಕರಾರು ವಿನಿಮಯ ಮಾಡ್ಕೊಳ್ಳೋಕೆ ತಯಾರು ಅಂದಾಗ ಕಟ್ಟಬೇಕು. ಅದಕ್ಕೆ ಮುಂಚೆ ಯಾರಿಗೂ ಒಂದು ಪೆನ್ನಿ ಕೊಡಬೇಡಿ."

"ಮುಂಚೆ ಕೊಟ್ರೆ ಏನಾಗುತ್ತೆ?"

"ವಿನಿಮಯ ಆಗೋವರೆಗೂ ಅವರೂ ಎದ್ದು ಹೋಗಬಹುದು, ನೀವೂ ಎದ್ದು ಹೋಗಬಹುದು. ನಿಮ್ಮ ದುಡ್ಡು ಯಾವನದೋ ಜೇಬಲ್ಲಿ ಸಿಕ್ಕಿಹಾಕ್ಕೊಂಡಿದ್ರೆ ನೀವು ಹೇಗೆ ಏಳ್ತೀರಿ? ಇನ್ನೊಂದು ಮಾತು. ಬ್ಯಾಂಕ್ ಖಾತೆ ನಂಬರನ್ನ ನಾನೇ ಬಾಯಲ್ಲಿ ಹೇಳ್ತೀನಿ. ಇಮೇಲಲ್ಲಿ ಯಾರು ಏನು ಬರೆದ್ರೂ ನಂಬಬೇಡಿ. ನನ್ನ ದನಿ ಕೇಳೋವರೆಗೂ ಕೈ ಬಿಚ್ಚಬೇಡಿ. ಕೇಳಿದ ಮೇಲೂ ಮೊದಲು ಒಂದೇ ಪೌಂಡ್ ಕಳಿಸಿ. ಬಂತು ಅಂತ ನಾನು ಹೇಳಿದ್ಮೇಲೆ ಮಿಕ್ಕಿದ್ದು."

ಜನೀನ್ ಆ ಮಾತನ್ನು ವೇದವಾಕ್ಯ ಎಂದು ಸ್ವೀಕರಿಸಿದಳು. ಹಾಗೆ ಸ್ವೀಕರಿಸುವಂತೆ ಹೇಳಿದ್ದಕ್ಕೆ ಮಿಸೆಸ್ ಬ್ಲೆಂಕಿನ್ ಆಮೇಲೆ ಪಟ್ಟ ಪಾಡು ಅಷ್ಟಿಷ್ಟಲ್ಲ.

ಮೊದಲು ಬಂದವನು ಮನೆ ದಲ್ಲಾಳಿ ಜ್ಯಾರೆಡ್. ಚೂಪು ಮೂತಿಯ ಬೂಟು; ಆ ಮೂತಿ ಬೀದಿಯ ತಿರುವಿನಲ್ಲಿ ಕಂಡ ಎಷ್ಟೋ ಹೊತ್ತಿನ ಮೇಲೆ ಜ್ಯಾರೆಡ್ ಕಾಣಿಸುತ್ತಿದ್ದ. ಥೆಲ್ಮಾಳ ಅಡುಗೆಮನೆಯಲ್ಲಿ ಕೂತು, ಅವಳು ಕೊಟ್ಟ ಚಹಾಕ್ಕೆ ಬಿಸ್ಕತ್ತು ಅದ್ದುತ್ತ ಶುರುಮಾಡಿದ.

"ನೋಡು ಚಿನ್ನ, ಡಿಪಾಸಿಟ್ಟನ್ನ ನಮ್ಮ ಆಫೀಸಿಗೇ ಕಟ್ಟಿಬಿಡು. ಮನೆ ನಿಂದೇ ಅಂತ ಗಟ್ಟಿಯಾಗುತ್ತೆ."

"ಗಟ್ಟಿ ಅಂತ ಬರೆದು ಕೊಡ್ತೀಯಾ?"

"ಬರೆದು ಅಂದ್ರೆ... ಅದು ನಂಬಿಕೆ ಮೇಲೆ ನಡೆಯೋ ವ್ಯವಹಾರ."

"ಹಾಗಾದ್ರೆ ನೀನೂ ನನ್ನನ್ನ ನಂಬು. ದುಡ್ಡಿದೆ. ಹೊತ್ತು ಬಂದಾಗ ನಮ್ಮ ವಕೀಲೆ ಖಾತೆಗೆ ಹೋಗುತ್ತೆ."

"ಇನ್ನೊಬ್ಬರು ಕಣ್ಣು ಹಾಕಿದಾರೆ ಚಿನ್ನ. ಆಮೇಲೆ ಅತ್ತರೆ ನಾನು ಹೊಣೆ ಅಲ್ಲ."

"ನನ್ನ ಕಿವಿ ಮೇಲೆ ಹೂವೇನಾದ್ರೂ ಕಾಣ್ತಿದೆಯಾ?" ಎಂದು ಜನೀನ್ ಅವನ ಮುಂದಿನಿಂದ ಬಿಸ್ಕತ್ತಿನ ಡಬ್ಬಿ ಎಳೆದುಕೊಂಡು ಮುಚ್ಚಳ ಹಾಕಿದಳು. ಅವತ್ತಿನಿಂದ ಜ್ಯಾರೆಡ್ ಫೋನಿನಲ್ಲೇ ಮಾತಾಡತೊಡಗಿದ.

ವಾರಗಳು ಉರುಳಿದವು. ಸಾಲ ಮಂಜೂರಾಯಿತು, ತನಿಖೆ ಮುಗಿಯಿತು, ಇಬ್ಬರೂ ಸಹಿ ಹಾಕಿ ಬಂದರು. ಉಳಿದದ್ದು ಮಿಸೆಸ್ ಬ್ಲೆಂಕಿನ್‌ಳ ಗಂಟೆದನಿ ಕೇಳುವುದೊಂದೇ. ಅಷ್ಟರಲ್ಲಿ ಆ ಶುಕ್ರವಾರ ಬಂತು. ಮಧ್ಯಾಹ್ನ ಜ್ಯಾರೆಡ್‌ನ ಫೋನು.

"ಬಾಡಿಗೆಗೆ ಮನೆ ಕೊಡೋ ಒಬ್ಬ ಸಾಹುಕಾರ ನಿನಗಿಂತ ಹೆಚ್ಚು ಕೊಡ್ತೀನಿ ಅಂದಿದಾನೆ. ಮುದುಕನಿಗೆ ನಿನ್ನ ಮೇಲೇ ಪ್ರೀತಿ, ಆದರೆ ಅವನ ಮಗಳು ಐದು ಗಂಟೆಯವರೆಗೆ ಅಂತ ಗಡುವು ಕೊಟ್ಟಿದಾಳೆ. ಅಷ್ಟರಲ್ಲಿ ವಿನಿಮಯ ಆಗದಿದ್ರೆ ಮನೆ ಅವನಿಗೆ."

ಜನೀನಳ ಕಣ್ಣ ಮುಂದೆ ಹಳದಿ ಪರದೆ ಬಂದು ಹೋಯಿತು. ಫೋನು ಕೆಳಗಿಟ್ಟಳೋ ಇಲ್ಲವೋ, ಮತ್ತೆ ಬಡಿದುಕೊಂಡಿತು. ಅವಳು ಎಂದೂ ಕಂಡಿರದ ನಂಬರು. ಎತ್ತಿದರೆ ಒಳಗಿನಿಂದ ಒಂದು ಕಪ್ಪೆ.

"ಜನೀನ್, ನಾನು... ಬ್ಲೆಂಕಿನ್... ಡಿಪಾಸಿಟ್ ಈಗಲೇ ಕಳಿಸಿ... ನಂಬರ್ ಬರ್ಕೊಳ್ಳಿ..."

"ಯಾವ ಬ್ಲೆಂಕಿನ್?"

"ನಿಮ್ಮ ವಕೀಲೆ! ಗಂಟಲು ಹೋಗಿದೆ... ನಿನ್ನೆ ರಾತ್ರಿ ಮ್ಯಾಚು..."

"ನಮ್ಮ ಮಿಸೆಸ್ ಬ್ಲೆಂಕಿನ್ ದನಿ ಹಂಬರ್ ನದಿ ದಾಟಿ ಆಚೆಯ ಲಿಂಕನ್‌ಶೈರಿಗೆ ಕೇಳುತ್ತೆ. ನೀನು ಯಾವ ಬಾವಿಯಿಂದ ಮಾತಾಡ್ತಿದೀಯೇ, ಕಳ್ಳಿ?"

ಕಪ್ಪೆ ಹಟ ಬಿಡದೆ ಖಾತೆಯ ನಂಬರು ವಟಗುಟ್ಟಿತು. ಜನೀನ್ ಬೈಯುತ್ತಲೇ, ಪೊಲೀಸರಿಗೆ ಸಾಕ್ಷಿಗಿರಲಿ ಎಂದು, ಹುಬ್ಬಿನ ಪೆನ್ಸಿಲ್ಲಿನಿಂದ ಆ ಅಂಕಿಗಳನ್ನು ಅಂಗೈ ಮೇಲೆ ಗೀಚಿಕೊಂಡಳು. ಆಮೇಲೆ ಹೇಳಿದಳು: "ಈಗ ಕೇಳಿಸ್ಕೋ. ಕೊಡಲ್ಲ. ನಿನ್ನ ಮುಖ ತೋರಿಸು, ಆಮೇಲೆ ದುಡ್ಡಿನ ಮಾತು."

ಫೋನಿಟ್ಟಳು. ಮತ್ತೆ ಬಂತು, ಮತ್ತೆ ಇಟ್ಟಳು. ತನಗೆ ಗೊತ್ತಿದ್ದ ಕಚೇರಿಯ ನಂಬರಿಗೆ ತಾನೇ ಮಾಡಿದಳು. ಲೈನು ಬಿಡುವಿಲ್ಲ. ಮತ್ತೆ ಮಾಡಿದಳು. ಬಿಡುವಿಲ್ಲ.

ಥೆಲ್ಮಾ ಕೈ ಕೈ ಹಿಸುಕಿಕೊಂಡಳು. "ಕಳಿಸಿಬಿಡು ಜನೀನ್, ನಿನ್ನ ದಮ್ಮಯ್ಯ! ಗಂಟಲು ಕೆಟ್ಟಿರಬಹುದು. ಮನುಷ್ಯರಿಗೆ ನೆಗಡಿ ಆಗಲ್ವಾ? ಐದು ಹೊಡೆದ್ರೆ ಮನೆ ಹೋಯ್ತು!"

ಆದರೆ ಕ್ಲೈವ್, ಆ ಸಿಂಹ, ಎದ್ದು ನಿಂತ. ಸೂರು ನಡುಗಿತು. "ಒಂದು ಪೆನ್ನಿ ಕಳಿಸಬೇಡ! ಮನೆ ಹೋದ್ರೆ ಇನ್ನೊಂದು ಸಿಗುತ್ತೆ. ಆ ದುಡ್ಡು ಹೋದ್ರೆ ಇನ್ನೊಂದಿಲ್ಲ. ಅವಳ ಹತ್ರಾನೇ ಹೋಗಿ ಮುಖ ನೋಡು. ಹೊರಡು!"

ಜನೀನ್ ಕೋಟು ತೊಟ್ಟು ಹೊರಟಳು. ಅವಳ ನಡಿಗೆಗೆ ಬೀದಿಯ ಕಸದ ಡಬ್ಬಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಫೋನಿನಲ್ಲಿದ್ದವಳು ನಿಜವಾಗಿ ಮಿಸೆಸ್ ಬ್ಲೆಂಕಿನ್ನೇ ಆಗಿದ್ದರೆ? ತನ್ನ ಹಟದಿಂದಲೇ ಆ ಕಿಟಕಿ ಹೋದರೆ? ಮತ್ತೆ ಹಿಂದಿನ ಕೋಣೆ, ಮತ್ತೆ ಪೊರಕೆಯ ಹಿಡಿ. ಆದರೂ ಕಾಲು ನಿಲ್ಲಲಿಲ್ಲ. ಹೆದರಿಸಿ ಕಿತ್ತುಕೊಳ್ಳುವವರಿಗೆ ಕೊಡುವುದಕ್ಕೆಂದು ಅವಳು ಅಷ್ಟು ವರ್ಷ ಸೂಜಿ ಚುಚ್ಚಿಸಿಕೊಂಡಿರಲಿಲ್ಲ.

ಹೊಳೆಯ ಹತ್ತಿರ ಬರುವಷ್ಟರಲ್ಲಿ ಕೆಂಪು ದೀಪ ಹತ್ತಿ, ಗಂಟೆ ಬಡಿದು, ಅಡ್ಡಗಂಬ ಬಿದ್ದು, ಹಡಗಿಗೆ ದಾರಿ ಬಿಡಲು ಸೇತುವೆ ಮೇಲೆದ್ದಿತು.

ಈ ಊರಿನಲ್ಲಿ "ಸೇತುವೆ ಎದ್ದಿತ್ತು" ಎಂಬ ಒಂದು ಮಾತಿಗೆ ಎಲ್ಲ ಪಾಪವೂ ಮಾಫಿ. ಕೆಲಸಕ್ಕೆ ತಡವಾದರೆ ಮೇಸ್ತ್ರಿ ಬೈಯುವುದಿಲ್ಲ, ಮದುವೆಗೆ ತಡವಾದರೆ ಹೆಣ್ಣು ಕೂಡ ಗಂಡನ್ನು ಕ್ಷಮಿಸುತ್ತಾಳೆ. ಆದರೆ ಮನೆ ಮಾರುವ ಮುದುಕನ ಮಗಳು ಬೇರೆ ಊರಿನವಳು. ಅವಳಿಗೆ ಸೇತುವೆಯ ಮಹಿಮೆ ಏನು ಗೊತ್ತು?

ಅಡ್ಡಗಂಬಕ್ಕೆ ಒರಗಿ ಜನೀನ್ ಹೊಳೆಯನ್ನು ನೋಡಿದಳು, ಹೊಳೆ ಅವಳನ್ನು ನೋಡಿತು. ಆಗಲೇ ಅದು ಹಿಂದಕ್ಕೆ ಹರಿಯತೊಡಗಿದ್ದು. ಅವಳ ಹಿಂದೆ ಕಾರು, ಲಾರಿ, ಬಸ್ಸುಗಳ ಸಾಲು ಸ್ಕಾಟ್ಲೆಂಡಿನವರೆಗೆ ಬೆಳೆಯಿತು. ಜನ ಇಳಿದು ಬಂದು ನಿಂತರು. ಆ ನೂಕುನುಗ್ಗಲನ್ನು ಕ್ಲೈವ್ ಒಬ್ಬನೇ ಎದೆಗೊಟ್ಟು ತಡೆದ.

ಆಗ ಆಚೆ ದಡದ ಅಡ್ಡಗಂಬದ ಹಿಂದೆ ಒಂದು ಆಕೃತಿ ಎರಡು ಕೈ ಬೀಸುತ್ತಿರುವುದು ಕಂಡಿತು. ದಪ್ಪ ಹೆಂಗಸು, ಹಸಿರು ಕೋಟು, ಕೈಯಲ್ಲಿ ಫೋನು; ಅಷ್ಟು ದೂರಕ್ಕೆ ಮುಖದ ಗುರುತು ಹತ್ತಲಿಲ್ಲ. ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು; ಈ ಕಡೆಗೆ ಬರುತ್ತಿದ್ದದ್ದು ಗಾಳಿ ಮಾತ್ರ.

"ಯಾರದು?" ಎಂದು ಕೂಗಿದಳು ಜನೀನ್.

ಆಕೃತಿ ತನ್ನ ಎದೆಯನ್ನೇ ಗುದ್ದಿ ತೋರಿಸಿತು. ಗಂಟಲು ಹಿಡಿದು ತಲೆ ಅಲ್ಲಾಡಿಸಿತು. ಹೆಬ್ಬೆರಳಿಗೆ ತೋರುಬೆರಳು ಉಜ್ಜಿ, ಹಣ ಹಣ ಎಂದಿತು.

"ಹಸಿರು ಕೋಟನ್ನ ಯಾರು ಬೇಕಾದ್ರೂ ಹಾಕ್ಕೋಬಹುದು! ನೀನೇ ಬ್ಲೆಂಕಿನ್ ಅಂತ ಏನು ಗುರುತು?"

ಪಕ್ಕದಲ್ಲಿದ್ದ ಮೀನಿನ ಲಾರಿಯವನು ಕಿಟಕಿಯಿಂದ ತಲೆ ಹೊರಹಾಕಿದ. "ಅಯ್ಯೋ ಚಿನ್ನ, ಆ ಹೆಂಗಸು ಹೊಳೆಗೆ ಹಾರೋ ಹಾಗಿದಾಳೆ. ಏನಾದ್ರೂ ಒಪ್ಕೋ."

"ನಿನ್ನ ಮೀನು ನೋಡ್ಕೋ ನೀನು!"

ಆಚೆ ದಡದವಳು ಒಂದು ಕ್ಷಣ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಕೋಟಿನ ಗುಂಡಿ ಬಿಚ್ಚಿ, ಕುತ್ತಿಗೆಯಿಂದ ಉದ್ದದ ಕಪ್ಪು-ಬಿಳಿ ಶಾಲು ಎಳೆದು ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದಳು. ಪೂರ್ವ ದಡದಲ್ಲಿ ನಿಂತಿದ್ದವರೆಲ್ಲ ಒಟ್ಟಿಗೆ "ಥೂ!" ಎಂದರು. ಆ ಥೂತ್ಕಾರದ ರಭಸಕ್ಕೆ ನೀರಿನ ಮೇಲೆ ಅಲೆ ಎದ್ದಿತು.

"ಅದೇ ದರಿದ್ರ ಶಾಲು!" ಎಂದು ಜನೀನ್ ಕುಣಿದಾಡಿದಳು. "ಅದನ್ನ ಈ ದಡದ ಎದುರಿಗೆ ಬಿಚ್ಚೋ ಧೈರ್ಯ ಬೇರೆ ಯಾರಿಗಿದೆ? ಅವಳೇ! ನಿನ್ನೆ ಅವಳ ತಂಡ ಸೋತಿದ್ದಕ್ಕೆ ಅರಚಿ ಅರಚಿ ಗಂಟಲು ಹರ್ಕೊಂಡಿದಾಳೆ!"

ಆದರೂ ಅವಳು ಪೂರ್ತಿ ಕೈ ಬಿಚ್ಚಲಿಲ್ಲ. ಶಾಲು ತನ್ನ ಗುರುತು ಹೇಳಿತ್ತು, ಅಂಗೈಯ ನಂಬರು ಇನ್ನೂ ಹೇಳಿರಲಿಲ್ಲ. ಫೋನು ತೆಗೆದು, ಬೆವರಿಗೆ ಕರಗುತ್ತಿದ್ದ ಅಂಕಿಗಳನ್ನು ನೋಡಿ ನೋಡಿ ಒತ್ತಿ, ಒಂದೇ ಒಂದು ಪೌಂಡು ಕಳಿಸಿದಳು. ಕಳಿಸಿ ಕಾದಳು. ಹಡಗು ನಿಧಾನವಾಗಿ ಇಬ್ಬರ ನಡುವೆ ಬಂದು ಮಿಸೆಸ್ ಬ್ಲೆಂಕಿನ್‌ಳನ್ನು ಪೂರ್ತಿ ಮರೆಮಾಡಿತು. ಜನೀನ್ ಆ ಹಡಗನ್ನು ಬೈದ ಬೈಗುಳಕ್ಕೆ ಅದರ ಬಣ್ಣ ಉದುರಿತು. ಹಡಗು ದಾಟಿತು. ಆಚೆ ದಡದಲ್ಲಿ ಮಿಸೆಸ್ ಬ್ಲೆಂಕಿನ್ ಫೋನನ್ನು ಕಿವಿಗೊತ್ತಿಕೊಂಡು ಕಚೇರಿಯವರ ಮಾತು ಕೇಳುತ್ತ ನಿಂತಿದ್ದಳು. ಕೇಳುತ್ತ ಕೇಳುತ್ತ ಒಂದು ಕೈ ಎತ್ತಿ, ಒಂದು ಬೆರಳು ನಿಲ್ಲಿಸಿದಳು.

ಒಂದು. ಬಂದಿತ್ತು.

ಆಗ ಜನೀನ್ ಮಿಕ್ಕಿದ್ದನ್ನೆಲ್ಲ ಕಳಿಸಿದಳು. ಹೊಲಿದ ಪರದೆ, ಬಿಟ್ಟ ಸಿನಿಮಾ, ತಿನ್ನದ ಊಟ, ಎಲ್ಲ ಒಂದು ಹೆಬ್ಬೆರಳಿನ ಒತ್ತಿಗೆ ಹೊಳೆ ದಾಟಿತು.

ಸೇತುವೆ ಇನ್ನೂ ಕೆಳಗಿಳಿದಿರಲಿಲ್ಲ. ಮಿಸೆಸ್ ಬ್ಲೆಂಕಿನ್ ಅಲ್ಲೇ ನಿಂತು ಮುದುಕನ ಕಡೆಯ ವಕೀಲನಿಗೆ ಫೋನು ಮಾಡಿದಳು. ಆ ವಕೀಲ ವರ್ಷಾನುಗಟ್ಟಲೆಯಿಂದ ಅವಳ ಪರಿಚಯದವನು, ನಿನ್ನೆಯ ಮ್ಯಾಚಿನಲ್ಲಿ ಪಕ್ಕದಲ್ಲೇ ಕೂತು ಅರಚಿದವನು. ಇಬ್ಬರದೂ ಒಂದೇ ಕಪ್ಪೆದನಿ. ಎರಡು ಕಪ್ಪೆಗಳು ವಟಗುಟ್ಟಿ ಕರಾರು ವಿನಿಮಯ ಮಾಡಿಕೊಂಡವು. ಅವಳ ಹೆಬ್ಬೆರಳು ಮೇಲೆದ್ದಿತು. ಈಗ ಸಾಹುಕಾರ ಅರಮನೆಯನ್ನೇ ಬರೆದುಕೊಟ್ಟರೂ ಆ ಮನೆ ಜನೀನಳದು. ಮೀನಿನ ಲಾರಿಯವನು ಏನೂ ತಿಳಿಯದಿದ್ದರೂ ಹಾರ್ನ್ ಬಾರಿಸಿದ, ಹಿಂದಿನವರೂ ಬಾರಿಸಿದರು.

ಸೇತುವೆ ಇಳಿದ ಮೇಲೆ ಇಬ್ಬರೂ ನಡುಮಧ್ಯದಲ್ಲಿ ಎದುರಾದರು.

"ಕಳ್ಳಿ ಅಂದ್ರಿ ನನ್ನ," ಎಂದು ಮಿಸೆಸ್ ಬ್ಲೆಂಕಿನ್ ಉಸಿರಿನಲ್ಲೇ ಹೇಳಿದಳು.

"ದನಿ ಕೇಳದೆ ಕೈ ಬಿಚ್ಚಬೇಡ ಅಂದವರು ಯಾರು?"

"ನಾನೇ. ಇಷ್ಟು ಚೆನ್ನಾಗಿ ಕೇಳೋ ಕಕ್ಷಿದಾರರು ಸಿಗ್ತಾರೆ ಅಂತ ಗೊತ್ತಿರಲಿಲ್ಲ." ಅವಳು ಶಾಲು ಸುತ್ತಿಕೊಳ್ಳುತ್ತ ಜನೀನಳ ಅಂಗೈ ನೋಡಿದಳು. "ಮೊದಲು ಅದನ್ನ ತೊಳ್ಕೊಳ್ಳಿ."

ಅಷ್ಟರಲ್ಲಿ ಜ್ಯಾರೆಡ್‌ನ ಫೋನು. "ಅಭಿನಂದನೆ ಚಿನ್ನ! ಹೇಳಿದ್ನಲ್ಲ, ಆಗುತ್ತೆ ಅಂತ!"

"ಜ್ಯಾರೆಡ್, ಬೀಗದಕೈ ತರೋ ದಿನ ಬಿಸ್ಕತ್ತು ನೀನೇ ತಗೊಂಡು ಬಾ," ಎಂದಳು ಜನೀನ್.

ಹೀಗೆ ಹೊಳೆಯನ್ನೇ ತಿರುಗಿಸಿದ ಹೆಂಡತಿಯನ್ನು ಆ ವೀರ ಕ್ಲೈವ್ ಹೆಗಲ ಮೇಲೆ ಹೊತ್ತುಕೊಂಡು, ಜನರ ಜಯಕಾರದ ನಡುವೆ—

"ಯಾರು ಹೊತ್ತದ್ದು?"

ಇದು ಜನೀನಳ ದನಿ. ಹೊಸ ಮನೆಯ ಅಡುಗೆಮನೆ, ಹಳದಿ ಪರದೆ, ಮೇಜಿನ ಸುತ್ತ ಮನೆ ನೋಡಲು ಬಂದ ನೆಂಟರು. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿರುವಾಗ ಅವಳು ಚಹಾದ ಮಗ್ಗನ್ನು ಟಪ್ ಎಂದು ಕೆಳಗಿಟ್ಟಳು.

"ಕ್ಲೈವ್, ಆ ಹೊಳೆ ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತೆ. ಕಡಲು ಉಕ್ಕಿ ಭರತ ಬಂದಾಗೆಲ್ಲ. ಭರತ ಬಂದಾಗಲೇ ಹಡಗು ಬರೋದು, ಹಡಗು ಬಂದಾಗಲೇ ಸೇತುವೆ ಏಳೋದು. ನೀನು ಹುಟ್ಟೋಕೆ ಮುಂಚಿನಿಂದ ನಡೀತಿದೆ ಅದು."

"ಮತ್ತೆ ದಮ್ಮಯ್ಯ ಅಂತ ಬೇಡಿಕೊಂಡವಳು ನಾನಾ?" ಎಂದು ಮೂಲೆಯ ಕುರ್ಚಿಯಿಂದ ಥೆಲ್ಮಾ ಎದ್ದಳು. ಪೊರಕೆ ಇಲ್ಲೂ ಅವಳ ಕೈಗೆ ಸಿಕ್ಕಿತ್ತು. "ಹೇಳೋ ಸಿಂಹ!"

ಸರಿ. ಸಿಕ್ಕಿಬಿದ್ದೆ.

ಕ್ಲೈವ್ ನಾನೇ. ಹೊಳೆ ತಿರುಗಿದ್ದು ಭರತಕ್ಕೆ. ಹಡಗು ಸಲಾಮು ಹೊಡೆಯಲಿಲ್ಲ. ಸಾಲು ಸ್ಕಾಟ್ಲೆಂಡಿನವರೆಗೆ ಇರಲಿಲ್ಲ, ಪೆಟ್ರೋಲ್ ಬಂಕಿನವರೆಗೆ ಇತ್ತಂತೆ. ಅಡುಗೆಮನೆಯಲ್ಲಿ "ಕಳಿಸಿಬಿಡು, ನಿನ್ನ ದಮ್ಮಯ್ಯ" ಎಂದು ಕೈ ಕೈ ಹಿಸುಕಿಕೊಂಡವನು ನಾನು. "ಆ ದುಡ್ಡು ಹೋದ್ರೆ ಇನ್ನೊಂದಿಲ್ಲ, ಹೋಗಿ ಮುಖ ನೋಡು" ಎಂದು ಸೊಸೆಗೆ ಕೋಟು ತಂದುಕೊಟ್ಟವಳು ಅಮ್ಮ. ಜನೀನ್ ಇಬ್ಬರ ಮಾತಿಗೂ ಕಾಯದೆ ಆಗಲೇ ಬಾಗಿಲು ತೆಗೆದಿದ್ದಳು. ಸೇತುವೆಯ ಹತ್ತಿರ ನಾನು ಇರಲೇ ಇಲ್ಲ. ನಡೆದದ್ದನ್ನೆಲ್ಲ ನನಗೆ ಆಮೇಲೆ ಹೇಳಿದ್ದು ಆ ಮೀನಿನ ಲಾರಿಯವನು. ಮನೆ ಕೈತಪ್ಪಿತು ಎಂಬ ದುಃಖಕ್ಕೆ ಹೊಟ್ಟೆ ಹಸಿದು, ನಾನು ಬೀದಿಯ ಕೊನೆಯ ಅಂಗಡಿಯಲ್ಲಿ ಬಿಸಿ ಆಲೂಗಡ್ಡೆ ಚಿಪ್ಸಿಗೆ ಸಾಲು ನಿಂತಿದ್ದೆ. ಮೂವರಿಗೂ ತಂದಿದ್ದೆ, ಮೇಲೆ ಕೆಂಪು ಮಸಾಲೆ ಪುಡಿ ಉದುರಿಸಿ.

ಅವಳು ಬರುವಷ್ಟರಲ್ಲಿ ಅವಳ ಪಾಲನ್ನೂ ನಾನೇ ತಿಂದಿದ್ದೆ.